ಎರಡು ಕೊಳೆರೋಗಗಳನ್ನು ಬೇರ್ಪಡಿಸಿ ನೋಡಿದ ಬಗೆ

ಮೂಡಿಗೆರೆ ಸೀಮೆಯ ನಮ್ಮ ತೋಟದಲ್ಲಿ ಮುಂಗಾರು ಬಲವಾದಾಗ ಕಾಫಿಗೂ ಅಡಿಕೆಗೂ ಕೊಳೆರೋಗ ತಗಲುತ್ತದೆ. ಎರಡಕ್ಕೂ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೇ ಹೊಡೆಯುವುದು ಹಿಂದಿನಿಂದ ಬಂದ ರೂಢಿ. ಇವೆರಡೂ ಒಂದೇ ಜಾತಿಯ ಜೀವಿಗಳ ಕೆಲಸವೇ ಎಂಬುದನ್ನು ಕಣ್ಣಾರೆ ನೋಡಬೇಕೆಂದು ನಾನು 400 ಪಟ್ಟು ಹಿಗ್ಗಿಸುವ ಸಾಧಾರಣ ಸೂಕ್ಷ್ಮದರ್ಶಕವೊಂದನ್ನು ಕೊಂಡೆ.

ಕಾಫಿಯದು ಸುಲಭ. ಕಪ್ಪಾಗಿ ಜೋತುಬಿದ್ದ ಎಲೆಯ ಅಡಿಭಾಗದ ಬಿಳಿ ಬಲೆಯನ್ನು ಅಂಟುಪಟ್ಟಿಯಿಂದ ಎತ್ತಿ, ಶಿಲೀಂಧ್ರದ ಎಳೆಗಳಿಗೆ ನೀಲಿ ಬಣ್ಣ ಹಿಡಿಸುವ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಹನಿಯ ಮೇಲೆ ಒತ್ತಿದರೆ, ಅಡ್ಡಗೋಡೆಗಳಿರುವ, ಲಂಬಕೋನದಲ್ಲಿ ಕವಲೊಡೆದ ಎಳೆಗಳು ಕಾಣುತ್ತವೆ. ಇದು ಅಣಬೆಗಳ ಬಳಗಕ್ಕೇ ಸೇರಿದ ನಿಜವಾದ ಶಿಲೀಂಧ್ರ.

ಅಡಿಕೆಯದಕ್ಕೆ ತಾಳ್ಮೆ ಬೇಕು. ಕೊಳೆಯಲು ಶುರುವಾದ ಹಸಿಕಾಯಿಯ ಸಿಪ್ಪೆಯ ಚೂರನ್ನು ಶುದ್ಧ ನೀರಿನ ತಟ್ಟೆಯಲ್ಲಿ ಬಿಟ್ಟರೆ, ಅಂಚಿನ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಬೀಜಕಕೋಶಗಳು ಮೂಡುತ್ತವೆ. ಎಳೆಗಳಲ್ಲಿ ಅಡ್ಡಗೋಡೆ ಇರುವುದು ಅಪರೂಪ. ಆಗ ನೀರನ್ನು ಬದಲಿಸಿ ತಣ್ಣೀರು ಹಾಕಬೇಕು. ಕೋಶದ ತುದಿ ತೆರೆದುಕೊಂಡು ಒಳಗಿನ ಬೀಜಕಗಳು ಒಂದೊಂದಾಗಿ ನುಸುಳಿ ಹೊರಬಂದು ಈಜತೊಡಗುತ್ತವೆ, ಸ್ವಲ್ಪ ಹೊತ್ತಿನಲ್ಲಿ ಗುಂಡಗಾಗಿ ನಿಂತು ಮೊಳಕೆ ನಳಿಗೆ ಚಾಚುತ್ತವೆ. ಈ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಈಜುವ ಬೀಜಕಕ್ಕೆ ಎರಡು ಕಶಾಂಗಗಳು, ಅಂದರೆ ಈಜಲು ನೆರವಾಗುವ ಚಾವಟಿಯಂಥ ಎಳೆಗಳು, ಇರುತ್ತವೆ, ಅವುಗಳಲ್ಲಿ ಮುಂದಕ್ಕೆ ಚಾಚಿದ್ದು ರೋಮಯುಕ್ತ. ನಿಜವಾದ ಶಿಲೀಂಧ್ರಗಳಲ್ಲಿ ಈಜುವ ಬೀಜಕ ಉಳಿದಿರುವುದು ಕೈಟ್ರಿಡ್‌ನಂಥ ಪುರಾತನ ಗುಂಪುಗಳಲ್ಲಿ ಮಾತ್ರ. ಅಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ವೀರ್ಯಾಣುವಿನಲ್ಲಿರುವಂತೆ ಹಿಂದೆ ಒಂದೇ ಕಶಾಂಗವಿರುತ್ತದೆ. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು ಎಂಬುದಕ್ಕೆ ಇದೂ ಒಂದು ಕುರುಹು. ಅಡಿಕೆಗೆ ಕೊಳೆ ತರುವ ಜೀವಿಯಾದ ಫೈಟಾಫ್ತೊರವಾದರೋ ಕಂದು ಪಾಚಿ ಮತ್ತು ಡಯಾಟಮ್ ಎಂಬ ಏಕಕೋಶ ಪಾಚಿಗಳ ವಂಶದ್ದು. ಅದರ ಕೋಶಭಿತ್ತಿಯಲ್ಲಿ ಶಿಲೀಂಧ್ರಗಳ ಕೈಟಿನ್ ಬದಲು ಸೆಲ್ಯುಲೋಸ್ ಮತ್ತು ಗ್ಲೂಕಾನ್‌ಗಳೇ ಪ್ರಧಾನ. 1910ರ ಸುಮಾರಿಗೆ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದಾಗ ಇದನ್ನೂ ಶಿಲೀಂಧ್ರವೆಂದೇ ಎಣಿಸಲಾಗುತ್ತಿತ್ತು. ಎಳೆಯಾಗಿ ಬೆಳೆದು, ಬೀಜಕ ಬಿಟ್ಟು, ಕೊಳೆಸುವ ಜೀವನಕ್ರಮ ಎರಡು ವಂಶಗಳಲ್ಲಿ ಬೇರೆ ಬೇರೆಯಾಗಿ ವಿಕಾಸಗೊಂಡಿರುವಾಗ, ಹೊರರೂಪ ನೋಡಿ ವರ್ಗೀಕರಿಸಿದವರನ್ನು ದೂರುವಂತಿಲ್ಲ.

ಈ ವರ್ಗೀಕರಣದ ಪ್ರಯೋಜನ ಔಷಧಿ ಆರಿಸುವಾಗ ತಿಳಿಯುತ್ತದೆ. ಕಾಫಿ ಎಲೆಯ ತುಕ್ಕುರೋಗಕ್ಕೆ ಬಳಸುವ ಹೆಕ್ಸಕೊನಜೋಲ್ ಎಂಬ ಔಷಧಿಯು, ಶಿಲೀಂಧ್ರವು ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಸ್ಟೆರಾಲನ್ನು ತಯಾರಿಸುವುದನ್ನು ತಡೆಯುತ್ತದೆ. ಫೈಟಾಫ್ತೊರ ತನ್ನ ಸ್ಟೆರಾಲನ್ನು ತಾನೇ ತಯಾರಿಸುವುದಿಲ್ಲವಾದ್ದರಿಂದ ಅಡಿಕೆಗೆ ಅದನ್ನು ಹೊಡೆಯುವುದು ವ್ಯರ್ಥ. ಮೆಟಲಾಕ್ಸಿಲ್ ಎಂಬ ಇನ್ನೊಂದು ಔಷಧಿಯದು ಇದಕ್ಕೆ ತದ್ವಿರುದ್ಧ: ಅಡಿಕೆಯಲ್ಲಿ ಕೆಲಸ ಮಾಡುತ್ತದೆ, ಕಾಫಿಯ ಕೊಳೆಯನ್ನು ಮುಟ್ಟುವುದಿಲ್ಲ. ಬೋರ್ಡೋ ಮಾತ್ರ ಎರಡೂ ಕಡೆ ಸಲ್ಲುತ್ತದೆ, ಏಕೆಂದರೆ ತಾಮ್ರವು ಜೀವಕೋಶದ ಹಲವು ಕಿಣ್ವಗಳನ್ನು ಒಟ್ಟಿಗೇ ಕೆಡಿಸುತ್ತದೆ. ಆದರೆ ಅದು ಮೊಳಕೆಯನ್ನು ತಡೆಯುತ್ತದೆಯೇ ಹೊರತು ಒಳಹೊಕ್ಕ ರೋಗವನ್ನು ವಾಸಿಮಾಡುವುದಿಲ್ಲವಾದ್ದರಿಂದ, ಗೊನೆಗಳ ಮೇಲೆ ನೀರು ನಿಲ್ಲುವ ಮಳೆ ಹಿಡಿಯುವ ಮುನ್ನವೇ ನಾವು ಮೊದಲ ಸುತ್ತಿನ ಸಿಂಪಡಣೆ ಮುಗಿಸುತ್ತೇವೆ.