ಶಿವರಾತ್ರಿ ಮುಗಿದ ಕೂಡಲೇ ಶುರುವಾಗುವ ಕೆಲಸ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ರಾಯಚೂರಿನಲ್ಲಿ ಅದು ಹೋದ ಬೆನ್ನಿಗೇ ಬಿಸಿಲು ಬಂದು ಕೂರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಾನು ಮಲೆನಾಡಿನ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು. ಇಲ್ಲಿನ ಬೇಸಿಗೆ ದಾಟುವುದನ್ನು ಅತ್ತೆಯಿಂದ ಕಲಿತೆ. ಮಿಕ್ಕಿದ್ದನ್ನು ನಮ್ಮ ಓಣಿಯ ಎಲೆಕ್ಟ್ರಿಷಿಯನ್, ಆಸ್ಪತ್ರೆಯ ನರ್ಸಮ್ಮ, ಗಿರಣಿಯ ಅಜ್ಜ ಹೇಳಿಕೊಟ್ಟರು. ಅತ್ತೆಯದು ಒಂದೇ ಹಟ: ಬೇಸಿಗೆಯ ಕೆಲಸವನ್ನು ಬೇಸಿಗೆ ಬರುವ ಮುಂಚೆ ಮುಗಿಸಬೇಕು. ಬಿಸಿಲು ಏರಿದ ಮೇಲೆ ಕೈಯೂ ಓಡುವುದಿಲ್ಲ, ತಲೆಯೂ ಓಡುವುದಿಲ್ಲ. ಆಗ ಮೇಸ್ತ್ರಿ, ಮಿಸ್ತ್ರಿ ಯಾರೂ ಕೈಗೆ ಸಿಗುವುದಿಲ್ಲ. ಸಿಕ್ಕರೂ ಅವರು ಹೇಳಿದ್ದೇ ರೇಟು.

ಮೊದಲು ತಾರಸಿಗೆ ಸುಣ್ಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಡಿಮೆ ದುಡ್ಡಿನಲ್ಲಿ ಇಷ್ಟು ಉಪಯೋಗ ಆಗುವ ಕೆಲಸ ಇನ್ನೊಂದಿಲ್ಲ. ನಾವು ಸುಣ್ಣದ ಕಲ್ಲು ತಂದು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕುತ್ತೇವೆ. ಹಾಕಿದ ಕೂಡಲೇ ಅದು ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬಾರದು, ಪ್ಲಾಸ್ಟಿಕ್ ಬಕೆಟ್ ಬಳಸಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಹಾಗಾಗಿ ಕನ್ನಡಕ ಬೇಕೇ ಬೇಕು. ರಾತ್ರಿಯಿಡೀ ಆರಿದ ಮೇಲೆ ಹಳೆ ಪಂಚೆಯಲ್ಲಿ ಸೋಸಿ, ಒಂದಿಷ್ಟು ಫೆವಿಕಾಲ್ ಕಲಸುತ್ತೇವೆ. ತಾರಸಿಯನ್ನು ಗುಡಿಸಿ, ತೊಳೆದು, ಇನ್ನೂ ಹಸಿ ಇರುವಾಗಲೇ ಸಂಜೆ ಹೊತ್ತಿನಲ್ಲಿ ಬಳಿಯಬೇಕು. ಮೊದಲ ಕೈ ಅಡ್ಡ, ಮರುದಿನ ಎರಡನೇ ಕೈ ಉದ್ದ.

ಇದನ್ನು ಏಪ್ರಿಲ್‌ನಲ್ಲಿ ಮಾಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಪಕ್ಕದ ಮನೆಯ ಅಕ್ಕ ಪ್ರತಿ ಸಲ ಕೇಳುತ್ತಾರೆ: "ಯಾಕವಾ, ಇಷ್ಟು ಲಗೂನ ಸುಣ್ಣ ಬಳಿಯಾಕ್ ಹತ್ತೀರಿ?" ಸುಣ್ಣ ಗಟ್ಟಿಯಾಗಿ ಹಿಡಿಯಬೇಕೆಂದರೆ ಅದು ನಿಧಾನವಾಗಿ ಒಣಗಬೇಕು. ಸುಡುವ ಬಿಸಿಲಲ್ಲಿ ಬಳಿದರೆ ಗಳಿಗೆಯಲ್ಲಿ ಒಣಗಿ ಪುಡಿಪುಡಿಯಾಗಿ ಏಳುತ್ತದೆ. ಕಾಲಿಗೆಲ್ಲ ಅಂಟಿ ಮನೆಯೊಳಗೆ ಬರುತ್ತದೆ. ಫೆಬ್ರವರಿ ಕೊನೆಯಲ್ಲಿ ಬಳಿದದ್ದು ಮಳೆಗಾಲದವರೆಗೆ ಕೂತಿರುತ್ತದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುವುದರಿಂದ ರಾತ್ರಿ ಮಲಗಿದಾಗ ಮೇಲಿನಿಂದ ಇಳಿಯುವ ಕಾವು ಗೊತ್ತಾಗುವಷ್ಟು ಕಡಿಮೆಯಾಗುತ್ತದೆ. ಮೇಲಿರುವ ಕಪ್ಪು ಸಿಂಟೆಕ್ಸ್‌ಗೂ ಅದೇ ಸುಣ್ಣ, ಅದರ ಮೇಲೆ ಗೋಣಿ ತಟ್ಟು ಸುತ್ತುತ್ತೇವೆ. ಇಲ್ಲದಿದ್ದರೆ ಮಧ್ಯಾಹ್ನ ನಲ್ಲಿ ತಿರುಗಿಸಿದವರ ಕೈ ಸುಡುತ್ತದೆ.

ಆಮೇಲೆ ಫ್ಯಾನು. ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ಹೊಸದು ತರಲು ಓಡಬೇಡಿ. ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್ ಮಾತ್ರ. ಮನೆಯ ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದು ಇರುತ್ತದೆ, ಹಳೆಯದರ ಮೇಲೆ ಬರೆದದ್ದನ್ನು ನೋಡಿ ಅದೇ ಅಳತೆಯದು ಹಾಕಿಸಿದರಾಯಿತು. ಹೊಸದೇ ತರುವುದಿದ್ದರೆ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ತಿನ್ನುವ ಮೋಟಾರಿನದು, ನೋಡಿ. ಹಳೆ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ಇನ್ವರ್ಟರ್ ಇರುವ ಮನೆಗೆ ಇದರ ಲಾಭ ಜಾಸ್ತಿ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ ನಮ್ಮ ಊರಿನ ಪಕ್ಕದಲ್ಲೇ ಇದೆ. 1985ರಲ್ಲಿ ಮೊದಲ ಘಟಕ ಶುರುವಾಗಿ ಈಗ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದಿದೆ. ಆದರೂ ಮೇ ತಿಂಗಳ ಸಂಜೆ ಗಾಳಿ ಎದ್ದಿತೆಂದರೆ ನಾವೂ ಎಲ್ಲರ ಹಾಗೆ ಕತ್ತಲಲ್ಲಿ ಬೀಸಣಿಗೆ ಹುಡುಕುತ್ತೇವೆ.

ಎಸಿ ಇಲ್ಲ ನಮ್ಮಲ್ಲಿ. ಈ ಊರಿಗೆ ಕೂಲರೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮದು ಒಣ ಹವೆ, ಒಣ ಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಅದಕ್ಕೇ ಗಾಳಿ ತಣ್ಣಗಾಗುತ್ತದೆ. ಆದರೆ ಕೂಲರ್ ಹಚ್ಚಿ ಬಾಗಿಲು ಕಿಟಕಿ ಎಲ್ಲ ಮುಚ್ಚುವವರನ್ನು ನೋಡಿದ್ದೇನೆ. ಅದು ಎಸಿಯ ಅಭ್ಯಾಸ. ಕೂಲರಿಗೆ ಹಿಂದಿನಿಂದ ಹೊರಗಿನ ಗಾಳಿ ಸಿಗಬೇಕು, ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಣೆಯೆಲ್ಲ ಜಿಗಿಜಿಗಿ. ಮಾರ್ಚ್ ಮೊದಲ ವಾರದಲ್ಲೇ ಹುಲ್ಲಿನ ಪ್ಯಾಡ್ ಬದಲಿಸಿ, ಪಂಪು ನೋಡಿ, ಮುಖ್ಯವಾಗಿ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸುತ್ತೇವೆ. ತಗಡಿನ ಕೂಲರ್, ಕೆಳಗೆ ನೀರು, ಬರಿಗಾಲು. ಶಾಕ್ ಹೊಡೆಯಲು ಇನ್ನೇನು ಬೇಕು? ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತಳವನ್ನು ಉಜ್ಜಿ ಒಣಗಿಸಿ ಮತ್ತೆ ತುಂಬುತ್ತೇವೆ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಮಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಮ್ಮ ಬೇಸಿಗೆಯಲ್ಲಿ ಇದರ ಚಿಂತೆ ದೊಡ್ಡದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಆದರೆ ಫ್ರೀಜರಿನ ಹತ್ತಿರ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಕರೆಂಟ್ ಹೋದ ದಿನಕ್ಕೆ ನರ್ಸಮ್ಮ ಹೇಳಿಕೊಟ್ಟ ಉಪಾಯ ಇದು. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಆ ಮರಳನ್ನು ಸದಾ ಒದ್ದೆ ಇಡುವುದು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿನ ಗಡಿಗೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಬೇಕು. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಟ್ಟರೆ ಹೊರಗಿನ ಕಾವಿಗಿಂತ ಒಳಗೆ ಸಾಕಷ್ಟು ತಂಪಿರುತ್ತದೆ. ಇದು ಫ್ರಿಜ್ ಅಲ್ಲ, ತೆರೆದು ಬಳಸುತ್ತಿರುವ ಬಾಟಲಿಗೆ ಮಾತ್ರ. ಅದರಲ್ಲೂ ಎಷ್ಟು ದಿನ ಹೊರಗಿಡಬಹುದು ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಓದಿಕೊಳ್ಳಿ.

ಕುಡಿಯುವ ನೀರಿನ ಗಡಿಗೆಯನ್ನು ಯುಗಾದಿಗೆ ಮುಂಚೆ ಕೊಳ್ಳುತ್ತೇವೆ. ಬೆರಳಲ್ಲಿ ಬಡಿದಾಗ ಠಣ್ ಅನ್ನಬೇಕು. ತಂದ ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಬೇಕು. ಸೋಪು ಹಚ್ಚಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ, ತೆಂಗಿನ ನಾರಿನಲ್ಲಿ ಉಜ್ಜಿದರೆ ಸಾಕು.

ನೀರಿನ ಬಗ್ಗೆ ಇನ್ನೊಂದು ಮಾತು. ಕೃಷ್ಣೆ, ತುಂಗಭದ್ರೆ ಎರಡೂ ನದಿಗಳ ನಡುವೆ ಇದ್ದರೂ ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳು ಬೇಸಿಗೆಯಲ್ಲಿ ಬೋರಿನ ನೀರನ್ನೇ ನಂಬಿವೆ. ಅದರಲ್ಲಿ ಹಲವೆಡೆ ಫ್ಲೋರೈಡ್ ಜಾಸ್ತಿ. ಕುದಿಸಿ ಕುಡಿದರೆ ಆಯ್ತು ಅಂತ ಜನ ತಿಳಿದಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು, ಅಡುಗೆಗೆ ಬೇಡ. ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟಿ ಕಂಡರೆ ಸುಮ್ನೆ ಹಲ್ಲುಜ್ಜು ಅಂತ ಬೈಯುವ ಬದಲು ನೀರಿನ ಪರೀಕ್ಷೆ ಮಾಡಿಸಿ. ನನ್ನ ನಾದಿನಿಯ ಊರಿನಲ್ಲಿ ಪಂಚಾಯ್ತಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಬೋರಿನ ನೀರು ಬಟ್ಟೆ, ಪಾತ್ರೆ, ದನಕ್ಕೆ ಮಾತ್ರ.

ಅಡುಗೆಮನೆಯಲ್ಲಿ ಬೇಸಿಗೆಯ ದೊಡ್ಡ ತಲೆನೋವು ಜೋಳದ ಹಿಟ್ಟು. ಹಿಂಗಾರಿ ಜೋಳ ಬರುವ ಹೊತ್ತಿಗೆ ವರ್ಷಕ್ಕಾಗುವಷ್ಟು ಕೊಂಡು, ಹಲ್ಲಿನಲ್ಲಿ ಕಡಿದರೆ ಕಟ್ ಅನ್ನುವವರೆಗೆ ಒಣಗಿಸುತ್ತೇವೆ. ಬಿಸಿಲಿನಿಂದ ತೆಗೆದ ಜೋಳವನ್ನು ಬಿಸಿಬಿಸಿಯಾಗಿಯೇ ಚೀಲಕ್ಕೆ ತುಂಬಬಾರದು, ಒಳಗೆ ಬೆವತು ಮುಗ್ಗುತ್ತದೆ. ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ಒಣ ಬೇವಿನ ಸೊಪ್ಪಿನ ಜೊತೆ ತುಂಬಬೇಕು. ಕಾಳು ವರ್ಷಗಟ್ಟಲೆ ಇರುತ್ತದೆ, ಹಿಟ್ಟು ಇರುವುದಿಲ್ಲ. ಬೀಸಿದ ಮೇಲೆ ಅದರೊಳಗಿನ ಎಣ್ಣೆಯಂಶ ಸೆಕೆಗೆ ಬೇಗ ಕೆಟ್ಟು ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಬಿರಿಯಿತು ಅಂತ ಸೊಸೆಯನ್ನು ಬೈಯುವ ಮುಂಚೆ ಹಿಟ್ಟು ಯಾವಾಗ ಬೀಸಿದ್ದು ಅಂತ ನೋಡಿ! ನಾವು ಬೇಸಿಗೆಯಲ್ಲಿ ಹತ್ತು ದಿನಕ್ಕಾಗುವಷ್ಟೇ ಬೀಸಿಸುತ್ತೇವೆ. ಹಿಟ್ಟು ಸ್ವಲ್ಪ ಹಳೆಯದಾಗಿದ್ದರೆ ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಜಿಗಿ ಒಂದಿಷ್ಟು ವಾಪಸ್ ಬರುತ್ತದೆ. ಮಾರ್ಚ್‌ನಲ್ಲೇ ಒಂದು ಬುಟ್ಟಿ ಖಡಕ್ ರೊಟ್ಟಿ ಮಾಡಿಟ್ಟರೆ ಮೇ ತಿಂಗಳ ಮಧ್ಯಾಹ್ನ ಒಲೆ ಮುಂದೆ ಕೂರುವುದು ತಪ್ಪುತ್ತದೆ. ಶೇಂಗಾ ಪುಡಿ, ಗುರೆಳ್ಳು ಪುಡಿ, ಮೊಸರು, ಹಸಿ ಉಳ್ಳಾಗಡ್ಡಿ. ಇಷ್ಟಿದ್ದರೆ ಊಟ ಆಯಿತು.

ಬಿಸಿಲು ಬೇಕಾದ ಕೆಲಸಗಳೂ ಇವೆ: ಹಪ್ಪಳ, ಸಂಡಿಗೆ, ಖಾರದ ಮೆಣಸಿನಕಾಯಿ ಒಣಗಿಸುವುದು, ಹಾಸಿಗೆ ಬಿಸಿಲಿಗೆ ಹಾಕುವುದು. ಅವನ್ನೂ ಬೆಳಿಗ್ಗೆ ಹತ್ತರೊಳಗೆ ಹರವಿ ಇಳಿದು ಬರುತ್ತೇವೆ. ಬಿಸಿಲು ತನ್ನ ಕೆಲಸ ತಾನು ಮಾಡುತ್ತದೆ, ಕಾವಲಿಗೆ ನಾವು ನಿಲ್ಲಬೇಕಿಲ್ಲ. ಕಾಗೆಗೆ ಒಂದು ಕಪ್ಪು ಬಟ್ಟೆ ಕಟ್ಟಿದರೆ ಸಾಕು.

ಇನ್ನು ಬಿಸಿಲು ಬಡಿಯುವ ವಿಷಯ. ಅತ್ತೆ ಗದ್ದೆಗೆ ಹೋಗುವವರಿಗೆಲ್ಲ ಹೇಳುತ್ತಿದ್ದ ಮಾತು: "ನೀರಡಿಕಿ ಆಗೋತನಕ ಕಾಯಬ್ಯಾಡ್ರಿ, ಅದಕ್ಕಿಂತ ಮುಂಚೇನ ಕುಡೀರಿ." ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ವಾಂತಿ ಭೇದಿ ಆದರೆ ಮನೆಯಲ್ಲೇ ಓಆರ್‌ಎಸ್ ಮಾಡಬಹುದು: ಒಂದು ಲೀಟರ್ ಶುದ್ಧ ನೀರು, ಚಹಾ ಚಮಚದಲ್ಲಿ ಸಮ ಮಾಡಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆದರೆ ಮಕ್ಕಳಿಗೆ ಅಪಾಯ, ಅಂದಾಜಿನ ಮೇಲೆ ಹಾಕಬಾರದು. ಬಿಪಿ, ಕಿಡ್ನಿ ತೊಂದರೆ ಇರುವವರು ಎಷ್ಟು ಉಪ್ಪು, ಎಷ್ಟು ನೀರು ಎಂದು ಬೇಸಿಗೆಗೆ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಬೇಕು.

ಸುಸ್ತು, ತಲೆನೋವು, ಕಾಲು ಸೆಳೆತ ಇದ್ದರೆ ನೆರಳು, ನೀರು, ವಿಶ್ರಾಂತಿಯಲ್ಲಿ ಸುಧಾರಿಸುತ್ತದೆ. ಆದರೆ ಮೈ ಕೆಂಡದ ಹಾಗೆ ಸುಡುತ್ತಾ, ಮಾತು ತೊದಲಿ, ಎಲ್ಲಿದ್ದೇನೆ ಅನ್ನುವುದೇ ತಿಳಿಯದಂತಾದರೆ ಅದು ಬೇರೆಯೇ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಮೈ ಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ತಣ್ಣನೆ ಒದ್ದೆ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯಿಂದ ಈ ಕಾವು ಇಳಿಯುವುದಿಲ್ಲ. ಇನ್ನೊಂದು, ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಎರಚುತ್ತದೆ. ವಯಸ್ಸಾದವರಿಗೆ ಆಗ ಒದ್ದೆ ಟವೆಲ್ ಹೊದಿಸಿ ಫ್ಯಾನ್ ಹಾಕಿ.

ಕಚೇರಿ ಕೆಲಸ ಇದ್ದವರಿಗೂ ಹೇಳಬೇಕು. ಏಪ್ರಿಲ್, ಮೇನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಊಟ ಮಾಡಿ ಹೋದರಾಯ್ತು ಅಂದುಕೊಂಡರೆ ಬೀಗ ನೋಡಿ ಬರಬೇಕು. ಕಾಲೇಜಿಗೆ ಸೇರುವ ಮಕ್ಕಳಿದ್ದರೆ 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರು ಅನ್ನುವ ಪತ್ರ), ಜಾತಿ ಆದಾಯ ಪತ್ರಗಳನ್ನು ಫೆಬ್ರವರಿಯಲ್ಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಈ ಪತ್ರದ ಮೇಲೆ ನಿಂತಿವೆ. ಫಲಿತಾಂಶ ಬಂದ ಮೇಲೆ ಹೋದರೆ ಇಡೀ ತಾಲ್ಲೂಕು ಅಲ್ಲೇ ಸಾಲಿನಲ್ಲಿರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹವೆ ಹಸಿಯಾಗುತ್ತದೆ, ಕೂಲರಿನಿಂದ ಪ್ರಯೋಜನವಿಲ್ಲ. ನೀರು ಚೆಲ್ಲಿ, ಒಂದು ದಿನ ಬಿಸಿಲಿಗಿಟ್ಟು, ಹುಲ್ಲಿನ ಪ್ಯಾಡ್ ತೆಗೆದು ಬಿಸಾಡಿ, ಮೋಟಾರಿಗೆ ಎಣ್ಣೆ ಬಿಟ್ಟು ಗೋಣಿ ಚೀಲ ಹೊದಿಸುತ್ತೇವೆ. ತಾರಸಿಯಲ್ಲಿ ಸುಣ್ಣ ಕಿತ್ತು ಬಂದ ಕಡೆ ಬಿರುಕು ಇದೆಯೇ ನೋಡಿ ಅಲ್ಲಲ್ಲೇ ಸಿಮೆಂಟು ಮೆತ್ತುತ್ತೇವೆ. ದೊಡ್ಡ ಮಳೆ ಬರುವುದರೊಳಗೆ ಅದೊಂದು ಮುಗಿಯಬೇಕು.