ಹೈಬ್ರಿಡ್ ಕಾರು: ಕೊಳ್ಳುವ ಮುಂಚೆ ನಾನು ಹಾಕಿದ ಲೆಕ್ಕ

ಶೋರೂಮಿಗೆ ಹೋದರೆ, ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇದ್ದರೆ ಎಲ್ಲದಕ್ಕೂ ಹೈಬ್ರಿಡ್ ಅಂತಲೇ ಹೆಸರು. ಹಾಗಾಗಿ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಂಜಿನ್ ಆಫ್ ಆಗಿರುವಾಗ ಗಾಡಿ ಮುಂದಕ್ಕೆ ಹೋಗುತ್ತದಾ? ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಹೋಗುತ್ತದೆ, ಮೈಲ್ಡ್ ಹೈಬ್ರಿಡ್‌ನಲ್ಲಿ ಹೋಗುವುದಿಲ್ಲ. ಮೈಲ್ಡ್‌ನಲ್ಲಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಜಾಗದಲ್ಲಿ ಬೆಲ್ಟ್‌ಗೆ ಕೂತ ಚಿಕ್ಕ ಮೋಟಾರು ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ನನ್ನು ನಯವಾಗಿ ಎಬ್ಬಿಸುತ್ತದೆ, ಪಿಕಪ್‌ಗೆ ಸ್ವಲ್ಪ ಕೈಜೋಡಿಸುತ್ತದೆ, ಅಷ್ಟೇ.

ನನ್ನ ಪಟ್ಟಿಯಲ್ಲಿ ಉಳಿದದ್ದು ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನ ಮೈಲ್ಡ್ ಮತ್ತು ಸ್ಟ್ರಾಂಗ್ ಮಾದರಿಗಳು, ಜೊತೆಗೆ ಹೋಂಡಾ ಸಿಟಿ ಹೈಬ್ರಿಡ್. ಟೆಸ್ಟ್ ಡ್ರೈವನ್ನು ಭಾನುವಾರದ ಖಾಲಿ ರಸ್ತೆಯಲ್ಲಿ ಮಾಡಿ ಉಪಯೋಗವಿಲ್ಲ. ಆಫೀಸು ಬಿಡುವ ಹೊತ್ತಿಗೇ ಗಾಡಿ ಕೇಳಿ ಪಡೆದು ಸಿಲ್ಕ್ ಬೋರ್ಡ್ ಕಡೆ ಓಡಿಸಿದೆ. ಸ್ಟ್ರಾಂಗ್ ಹೈಬ್ರಿಡ್ ಏನೆಂದು ಗೊತ್ತಾಗುವುದು ಅಲ್ಲೇ. ತೆವಳುವಾಗ ಬಹುಪಾಲು ಮೋಟಾರೇ ಎಳೆಯುತ್ತದೆ, ಬ್ರೇಕ್ ಒತ್ತಿದಷ್ಟೂ ಬ್ಯಾಟರಿ ತುಂಬುತ್ತದೆ. ಬೆಂಗಳೂರಿನ ಜಾಮ್ ಯಾರಿಗಾದರೂ ಲಾಭವೆಂದರೆ ಅದು ಈ ಗಾಡಿಗೆ ಮಾತ್ರ!

ಒಳಗಿನ ವ್ಯವಸ್ಥೆ ಹೈರೈಡರ್ ಸ್ಟ್ರಾಂಗ್ ಮತ್ತು ಹೋಂಡಾ ಸಿಟಿ ಎರಡರಲ್ಲೂ ಬೇರೆ. ಹೈರೈಡರ್‌ನಲ್ಲಿ ಎಂಜಿನ್ ಮತ್ತು ಮೋಟಾರಿನ ಬಲವನ್ನು ಪ್ಲಾನೆಟರಿ ಗೇರ್ ಎಂಬ ಹಲ್ಲುಚಕ್ರಗಳ ಜೋಡಣೆ ಕೂಡಿಸಿ ಹಂಚುತ್ತದೆ. ಹೋಂಡಾ ಸಿಟಿಯಲ್ಲಿ ಎಂಜಿನ್ ಬಹುಪಾಲು ಜನರೇಟರ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೈವೇ ವೇಗಕ್ಕೆ ಬಂದಾಗ ಒಂದು ಕ್ಲಚ್ ಎಂಜಿನ್ನನ್ನು ನೇರ ಚಕ್ರಕ್ಕೆ ಜೋಡಿಸುತ್ತದೆ. ಓಡಿಸಲು ನನಗೆ ಸಿಟಿಯೇ ಹಿತವಾಗಿತ್ತು. ಆದರೆ ಪೆಟ್ರೋಲ್ ಸಿಟಿಯಲ್ಲಿ 506 ಲೀಟರ್ ಇರುವ ಡಿಕ್ಕಿ, ಬ್ಯಾಟರಿ ಬಂದಿದ್ದರಿಂದ 306ಕ್ಕೆ ಇಳಿದಿದೆ. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಹೊತ್ತು ಬರುವ ನಮ್ಮಂಥವರಿಗೆ ಅದು ಸಾಲದು. ಹೈರೈಡರ್ ಸ್ಟ್ರಾಂಗ್‌ನಲ್ಲೂ ಡಿಕ್ಕಿ ಕಿರಿದಾಗಿದೆಯಾದರೂ ಹಿಂದಿನ ಸೀಟು ಮಡಚಿಕೊಂಡು ಸುಧಾರಿಸಬಹುದು.

ಹೈರೈಡರ್‌ನ ಕಾಗದದ ಮೇಲಿನ ಮೈಲೇಜು ಲೀಟರಿಗೆ ಸ್ಟ್ರಾಂಗ್‌ಗೆ 27.97 ಕಿಲೋಮೀಟರ್, ಮೈಲ್ಡ್ ಮ್ಯಾನುಯಲ್‌ಗೆ 21ರ ಆಸುಪಾಸು. ನಾನು ನಂಬಿದ್ದು ಎರಡೂ ಬಗೆಯ ಗಾಡಿ ಇಟ್ಟುಕೊಂಡಿರುವ ಸಹೋದ್ಯೋಗಿಗಳ ಟ್ಯಾಂಕ್-ಟು-ಟ್ಯಾಂಕ್ ಲೆಕ್ಕವನ್ನು, ಅಂದರೆ ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ತುಂಬಿಸಿ ಅಳೆದದ್ದನ್ನು. ನಗರದೊಳಗೆ ಸ್ಟ್ರಾಂಗ್‌ಗೆ 20, ಮೈಲ್ಡ್‌ಗೆ 12. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ 500 ಲೀಟರ್ ಉಳಿತಾಯ, ಲೀಟರಿಗೆ ಆಗಿನ 103 ರೂಪಾಯಿಯಂತೆ 51,500. ಆನ್‌ರೋಡ್ ಬೆಲೆಯಲ್ಲಿ ಮೂರು ಲಕ್ಷ ವ್ಯತ್ಯಾಸವಿದ್ದರೆ ಅದು ವಾಪಸು ಬರಲು ಹತ್ತಿರ ಹತ್ತಿರ ಆರು ವರ್ಷ ಬೇಕು. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದರಿಂದಲೇ ಸ್ಟ್ರಾಂಗ್‌ಗೆ ಒಪ್ಪಿದೆ.

ಇನ್ನೊಂದು ವಿಷಯ ಕೊಂಡ ಮೇಲೆ ತಿಳಿದದ್ದು ಆಗುಂಬೆ ಘಾಟಿ ಇಳಿಯುವಾಗ. ಬ್ಯಾಟರಿ ಇರುವುದೇ 0.76 ಕಿಲೋವ್ಯಾಟ್-ಅವರ್. ಘಾಟಿಯ ಬುಡದ ಸೋಮೇಶ್ವರ ಇನ್ನೂ ದೂರವಿರುವಾಗಲೇ ತುಂಬಿಹೋಯಿತು. ಆಮೇಲೆ ಎಂಜಿನ್ ಜೋರಾಗಿ ಕೂಗತೊಡಗಿತು. ಹಿಂದೆ ಕೂತಿದ್ದ ಅಮ್ಮ "ಏನಾಯ್ತೋ ಗಾಡಿಗೆ?" ಎಂದು ಗಾಬರಿಯಾದರು. ಏನೂ ಆಗಿರಲಿಲ್ಲ. ಕರೆಂಟು ತುಂಬಲು ಜಾಗವಿಲ್ಲದಾಗ ಪೆಟ್ರೋಲ್ ಸುಡದೆ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ವೇಗ ತಡೆಯುತ್ತದೆ. ಇಳಿಜಾರಿನಲ್ಲಿ ಮೊದಲೇ ಬಿ ಮೋಡ್‌ಗೆ (ಗೇರ್ ಲಿವರಿನಲ್ಲಿ ಎಂಜಿನ್ ತಡೆ ಹೆಚ್ಚಿಸುವ ಸ್ಥಾನ) ಹಾಕಿಕೊಂಡರೆ ಬ್ರೇಕ್ ಅಷ್ಟಾಗಿ ಬಿಸಿಯಾಗುವುದಿಲ್ಲ.

ದಾವಣಗೆರೆಯ ಭಾವನಿಗೂ ಇಂಥದ್ದೇ ಬೇಕಿತ್ತು. ಅವರ ಓಡಾಟವೆಲ್ಲ ಹುಬ್ಬಳ್ಳಿ ಹೈವೇಯಲ್ಲಿ. ಬ್ರೇಕ್ ಒತ್ತುವುದೇ ಟೋಲ್ ಬಂದಾಗ. "ಭಾವ, ನಿಮಗೆ ಮೈಲ್ಡೇ ಸಾಕು, ಮಿಕ್ಕ ದುಡ್ಡು ಬ್ಯಾಂಕಿನಲ್ಲಿಡಿ" ಅಂದೆ. ಅವರು ಮ್ಯಾನುಯಲ್ ಗೇರಿನ ಮೈಲ್ಡ್ ತಗೊಂಡರು, ಬ್ಯಾಂಕಿಗೆ ಮಾತ್ರ ಏನೂ ಹೋಗಲಿಲ್ಲ.