ಸೀಬೆಹಣ್ಣಿನ ತಿರುಳಲ್ಲೇ ಕಲಸಿದ ಫ್ರೂಟ್ ಸಲಾಡ್: ನನ್ನ ಅನುಭವ

ಹೋದ ವರ್ಷ ಡಿಸೆಂಬರ್ 31ರ ರಾತ್ರಿ ನಮ್ಮನೇಲಿ 14 ಜನ ಸೇರಿದ್ವಿ, ಊಟ ಎಲ್ಲ ಹೊರಗಿಂದ ತರ್ಸಿದ್ದು, ಸಿಹಿ ಮಾತ್ರ ನಂದು ಅಂತ ಜಂಬ ಕೊಚ್ಕೊಂಡು ಫ್ರೂಟ್ ಸಲಾಡ್ ಮಾಡೋಕೆ ಹೋಗಿದ್ದೆ. ಬೆಳಗ್ಗೆ ಹತ್ತಕ್ಕೇ ಅನಾನಸ್ ಪಪ್ಪಾಯ ಬಾಳೆ ಕಿತ್ತಳೆ ಸೀಬೆ ಎಲ್ಲಾ ಹೆಚ್ಚಿ ಒಂದೇ ಪಾತ್ರೆಗೆ ಸುರಿದು, ಮೇಲೆ ನಾಲ್ಕು ಚಮಚ ಸಕ್ಕರೆ ಉದುರಿಸಿ, ಅರ್ಧ ಲೀಟರ್ ಹಾಲಿನ ಕಸ್ಟರ್ಡ್ ಹುಯ್ದು ಫ್ರಿಜ್ಜಲ್ಲಿಟ್ಟು ಕೈ ತೊಳ್ಕೊಂಡೆ. ರಾತ್ರಿ ಒಂಬತ್ತಕ್ಕೆ ತೆಗೆದ್ರೆ ಕಸ್ಟರ್ಡ್ ಒಡೆದು ಮೊಸರಿನ ಥರ ಗೆಡ್ಡೆ ಗೆಡ್ಡೆ, ತಳದಲ್ಲಿ ಎರಡು ಬೆರಳು ನೀರು, ಬಾಳೆಹಣ್ಣು ಕರೀ ಮಸಿ, ತಿಂದ್ರೆ ಕೊನೇಲಿ ನಾಲಿಗೆ ಮೇಲೊಂದು ಕಹಿ. ನಮ್ಮ ಭಾವನ ಮಗ, ಹುಬ್ಬಳ್ಳಿ ಹುಡುಗ, ಬಟ್ಟಲಲ್ಲಿ ಸ್ಪೂನ್ ಆಡಿಸ್ತಾ "ಕಾಕು, ಇದು ತಿನ್ನೂದೋ ಕುಡ್ಯೂದೋ?" ಅಂದ. ಎಲ್ಲರೂ ನಕ್ರು, ನಾನೂ ನಕ್ಕೆ, ಆದ್ರೆ ಆ ಪಾತ್ರೆ ಮಾರನೇ ದಿನ ಸಿಂಕಿಗೆ ಸುರಿಯೋವಾಗ ಹೊಟ್ಟೆ ಉರೀತು, ಹಣ್ಣಿಗೇ ಸಾವಿರ ರೂಪಾಯಿ ಹತ್ರ ಹತ್ರ ಹೋಗಿತ್ತು.

ಏನು ತಪ್ಪಾಯ್ತು ಅಂತ ಆಮೇಲೆ ಕೂತು ಓದ್ದೆ. ಹೆಚ್ಚಿದ ಹಣ್ಣಿಗೆ ಸಕ್ಕರೆ ಬಿದ್ರೆ ಅದು ಹಣ್ಣಿನೊಳಗಿನ ನೀರನ್ನ ಹೊರಗೆ ಎಳ್ಕೊಳ್ಳತ್ತೆ, ಉಪ್ಪು ಹಾಕಿದ ಸೌತೆಕಾಯಿ ಕೋಸಂಬರಿ ನೀರು ಬಿಡಲ್ವಾ, ಅದೇ ಲೆಕ್ಕ. ಕೋಸಂಬರಿಗೆ ಉಪ್ಪು ಬಡಿಸೋ ಮುಂಚೆ ಹಾಕ್ಬೇಕು ಅಂತ ನಮ್ಮಮ್ಮ ಸಾವಿರ ಸಲ ಹೇಳಿರ್ತಾರೆ, ಅದೇ ಬುದ್ಧಿ ಹಣ್ಣಿಗೂ ಉಪಯೋಗಿಸ್ಬೇಕು ಅಂತ ತಲೆಗೆ ಹೊಳೀಲಿಲ್ಲ. ಇನ್ನು ಕಹಿ ಬಂದಿದ್ದು ಅನಾನಸಿಂದ. ಹಸಿ ಅನಾನಸಲ್ಲಿ ಬ್ರೊಮೆಲಿನ್ ಅನ್ನೋ ಎನ್‌ಜೈಮ್ ಇದೆ, ಹಾಲಿನ ಪ್ರೋಟೀನ್ ಸಿಕ್ರೆ ಅದನ್ನ ಕತ್ತರಿಸಿ ಹಾಕತ್ತೆ, ಹಾಲು ಒಡೆಯೋದೂ ಅದರಿಂದಾನೇ ಕಹಿ ಆಗೋದೂ ಅದರಿಂದಾನೇ, ಪಪ್ಪಾಯದಲ್ಲೂ ಪಪೇನ್ ಅಂತ ಇದರದೇ ಜಾತಿಯದ್ದೊಂದಿದೆ. ಬೇಯಿಸಿದ್ರೆ ಈ ಕಾಟ ಇಲ್ಲ, ಕೇಸರಿಬಾತಲ್ಲಿ ಗೊಜ್ಜಲ್ಲಿ ಅನಾನಸ್ ಯಾವತ್ತಾದ್ರೂ ಹಿಂಗೆ ಕಹಿ ಆಗಿದೆಯಾ ನೋಡಿ.

ಸರಿ, ಈ ವರ್ಷ ಹಾಲೂ ಬೇಡ ಕಸ್ಟರ್ಡೂ ಬೇಡ ಅನಾನಸೂ ಬೇಡ, ಈ ಚಳಿಗಾಲದಲ್ಲಿ ಏನು ಚೆನ್ನಾಗಿ ಬರ್ತಾ ಇದೆಯೋ ಅಷ್ಟೇ ಅಂತ ತೀರ್ಮಾನ ಮಾಡ್ದೆ. ಆದ್ರೆ ಹಾಲೇ ಇಲ್ಲ ಅಂದ್ರೆ ಹಣ್ಣಿನ ಹೋಳುಗಳನ್ನ ಒಂದಕ್ಕೊಂದು ಹಿಡಿದಿಡೋದು ಯಾವುದು ಅನ್ನೋದು ಗೊತ್ತಾಗ್ಲಿಲ್ಲ. ಆ ಪ್ರಶ್ನೆಗೆ ಉತ್ತರ ಧಾರವಾಡದಿಂದ ರಾತ್ರಿ ಟ್ರೈನಲ್ಲಿ ಬಂತು.

ಅತ್ತೆ ಮಾವ ಬಂದಿದ್ದು 29ಕ್ಕೆ. ಮಾವನ ಕೈಲಿ ಒಂದು ಕೈಚೀಲ, ತೂಕ ಒಂದು ಐದು ಕೆಜಿ ಇರಬಹುದು, ಬಾಗಿಲು ತೆಗೀತಿದ್ದಂಗೇ ವಾಸನೆ. "ಅಯ್ಯೋ ಸೀಬೆಹಣ್ಣು!" ಅಂದೆ. ಅತ್ತೆ ಚಪ್ಪಲಿ ಬಿಡೋದಕ್ಕೂ ಮುಂಚೆ "ಸೀಬಿ ಗೀಬಿ ಅನಬ್ಯಾಡವಾ, ಪ್ಯಾರಲಹಣ್ಣ ಅನ್ನು" ಅಂದ್ರು. ಮದುವೆಯಾಗಿ 11 ವರ್ಷ ಆಯ್ತು, ಈ ಜಗಳ ಇನ್ನೂ ಮುಗಿದಿಲ್ಲ, ನಾನು ಮೈಸೂರಿನವಳು, ನಮಗೆ ಸೀಬೆ ಸೀಬೆನೇ. ಮಂಗಳೂರು ಕಡೆ ನನ್ನ ಫ್ರೆಂಡ್ ಪೇರಳೆ ಅಂತಾಳೆ. ಹೆಸರು ಏನಾದ್ರೂ ಇರ್ಲಿ, ಧಾರವಾಡದ ಆ ಹಣ್ಣಿನ ಮುಂದೆ ಇಲ್ಲಿ ಬೆಂಗಳೂರಲ್ಲಿ ಸಿಗ್ನಲ್ ಹತ್ರ ಗಾಡೀಲಿ ಸಿಗೋ ಕ್ರಿಕೆಟ್ ಬಾಲ್ ಸೈಜಿನದ್ದು ಏನೂ ಅಲ್ಲ, ಅದು ಕಚ್ಚಿದ್ರೆ ಕರುಂ ಅನ್ನತ್ತೆ ಅಷ್ಟೇ, ರುಚಿ ನೀರು ನೀರು. ಅತ್ತೆ ತಂದಿದ್ದು ಹುಬ್ಬಳ್ಳಿ ಧಾರವಾಡದ ಮಧ್ಯೆ ನವಲೂರಿನ ಹಣ್ಣು. ರಸ್ತೆ ಬದಿ ಬುಟ್ಟೀಲಿಟ್ಕೊಂಡು ಮಾರೋರ ಹತ್ರ ಚೌಕಾಸಿ ಮಾಡಿ ತಗೊಂಡಿದ್ದಂತೆ. "ಮೊದಲಿನ್ಹಂಗ ತ್ವಾಟ ಎಲ್ಲೈತಿ ಈಗ, ಎಲ್ಲಾ ಪ್ಲಾಟ್ ಆಗ್ಯಾವ" ಅಂತ ಅದೊಂದು ಬೇಜಾರು ಅವರದ್ದು.

ಮಿಕ್ಕ ಹಣ್ಣು ನಾನು 30ಕ್ಕೆ ಸಂಜೆ ತಂದೆ. ಕಿತ್ತಳೆ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಈ ಟೈಮಲ್ಲಿ ಮಾರ್ಕೆಟಲ್ಲಿ ಮೂರು ಥರ ಕಿತ್ತಳೆ ಕಾಣ್ಸತ್ತೆ. ಒಂದು ನಾಗಪುರದ್ದು, ಸಿಪ್ಪೆ ಸಡಿಲ, ಬಿಡಿಸೋದು ಸುಲಭ. ಇನ್ನೊಂದು ಪಂಜಾಬ್ ಕಡೆಯ ಕಿನ್ನೋ, ನೋಡೋಕೆ ಪಾಲಿಶ್ ಹಾಕ್ದಂಗೆ ಮಿಂಚತ್ತೆ, ಸಿಪ್ಪೆ ಬಿಗಿ, ರಸ ಜಾಸ್ತಿ, ಆದ್ರೆ ಬೀಜಾನೋ ಬೀಜ, ಹಿಂಡಿದ ರಸ ಸ್ವಲ್ಪ ಹೊತ್ತು ಬಿಟ್ರೆ ಕಹಿ ತಿರುಗತ್ತೆ. ಮೂರನೇದು ಕೊಡಗಿಂದು, 2006ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿರೋದು, ಸಿಪ್ಪೆ ಹಸಿರು ಹಳದಿ ಬಣ್ಣ, ನೋಡೋಕೆ ಏನೂ ಚಂದ ಇಲ್ಲ, ಹುಳಿ ಸಿಹಿ ಎರಡೂ ಸರಿಯಾಗಿ ಇರತ್ತೆ. ಆದ್ರೆ ಸಿಗೋದು ಕಷ್ಟ, ಕೊಡಗಿನ ಕಿತ್ತಳೆ ಅಂತ ಕೂಗ್ತಾ ಮಾರೋದ್ರಲ್ಲಿ ಮುಕ್ಕಾಲು ಪಾಲು ಬೇರೆ ಕಡೇದೇ. ನನಗೂ ಸಿಗಲಿಲ್ಲ, ನಾಗಪುರದ್ದೇ 8 ತಗೊಂಡೆ. ದ್ರಾಕ್ಷಿ ಬಿಟ್ಟೆ, ವಿಜಯಪುರ ಕಡೆಯ ಒಳ್ಳೇ ಮಾಲು ಧಾರಾಳವಾಗಿ ಬರೋದು ಫೆಬ್ರವರಿ ಮೇಲೆ, ಈಗಿಂದು ಹುಳಿ, ರೇಟೂ ಜಾಸ್ತಿ. ಸೇಬು ವರ್ಷ ಪೂರ್ತಿ ತಿಂತೀವಲ್ಲ ಅಂತ ಅದನ್ನೂ ಬಿಟ್ಟೆ.

14 ಜನಕ್ಕೆ ನಾನು ಹಾಕಿದ್ದು ಇಷ್ಟು: ಸೀಬೆ 8, ಕಿತ್ತಳೆ 8, ಒಂದು ಕೆಜಿ ತೂಗೋ ಪಪ್ಪಾಯ ಒಂದು, ದಾಳಿಂಬೆ 2, ಸಪೋಟ 6, ಏಲಕ್ಕಿ ಬಾಳೆ 10, ನೆಲ್ಲಿಕಾಯಿ 2, ನಿಂಬೆಹಣ್ಣು 1. ಆಮೇಲೆ ಬೆಲ್ಲದ ಪುಡಿ ಎರಡು ಚಮಚ, ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಚಮಚ, ಕಾಳುಮೆಣಸು, ಕಪ್ಪುಪ್ಪು. ಸಕ್ಕರೆ ಇಲ್ಲ.

ಈಗ ಅಸಲಿ ವಿಷಯ. ಸೀಬೆಹಣ್ಣು ಸಲಾಡಿಗೆ ಹಾಕೋವಾಗ ಎಲ್ಲರಿಗೂ ಬೀಜದ ತಲೆನೋವು, ಹಲ್ಲಿಗೆ ಸಿಕ್ಕಿಹಾಕ್ಕೊಳ್ಳತ್ತೆ ಅಂತ ಮಧ್ಯದ ಭಾಗ ಚಾಕುವಲ್ಲಿ ಕೆತ್ತಿ ಕಸದ ಡಬ್ಬಕ್ಕೆ ಹಾಕ್ತೀವಿ. ಹೋದ ವರ್ಷ ನಾನೂ ಹಂಗೇ ಮಾಡಿದ್ದೆ. ಈ ಸಲ ಕೆತ್ತಿದ್ದನ್ನ ಬಿಸಾಕೋಕೆ ಹೋದಾಗ ಅತ್ತೆ ಕೈ ಹಿಡ್ಕೊಂಡ್ರು, "ರುಚಿ ಎಲ್ಲಾ ಅದರಾಗ ಐತಿ, ಅದನ್ನ ಚೆಲ್ಲತಿಯಲ್ಲ" ಅಂತ. ನಿಜಾನೇ, ಹೊರಗಿನ ಗಟ್ಟಿ ಭಾಗಕ್ಕಿಂತ ಬೀಜದ ಸುತ್ತ ಇರೋ ಮೆತ್ತನೆ ತಿರುಳೇ ಘಮ ಘಮ. ಅದನ್ನೆಲ್ಲ ಒಂದು ಬಟ್ಟಲಿಗೆ ಹಾಕಿ, ಎರಡು ಕಿತ್ತಳೆ ಹಿಂಡಿದ ರಸ ಅರ್ಧ ಲೋಟದಷ್ಟು ಸೇರ್ಸಿ, ಹುಣಸೆಹಣ್ಣು ಕಿವಿಚಿದಂಗೆ ಕೈಯಲ್ಲೇ ಕಿವಿಚಿದ್ವಿ. ಮಿಕ್ಸಿಗೆ ಮಾತ್ರ ಹಾಕ್ಬೇಡಿ, ಬೀಜ ಒಡೆದ್ರೆ ಮರಳು ಮರಳು ಆಗತ್ತೆ. ಆಮೇಲೆ ಸ್ಟೀಲ್ ಜರಡಿ ಮೇಲೆ ಹಾಕಿ ಚಮಚದ ಬೆನ್ನಲ್ಲಿ ಉಜ್ಜಿದೆ, ಒಂದು ಹದಿನೈದು ನಿಮಿಷ ಹಿಡೀತು, ಕೈ ನೋವು ಬಂತು, ಸುಳ್ಳು ಹೇಳಲ್ಲ. ಮೊದಲು ಏನೂ ಇಳಿಯಲ್ಲ, ಇದೇನಪ್ಪಾ ಅನ್ಸತ್ತೆ, ಆಮೇಲೆ ಜರಡಿ ಕೆಳಗಡೆ ಮೇಣದ ಥರ ಅಂಟಿಕೊಂಡಿರತ್ತೆ, ಅದನ್ನ ಕೆರೆದು ಕೆರೆದು ಹಾಕ್ಕೋಬೇಕು. ಕೊನೆಗೆ ಜರಡಿ ಮೇಲೆ ಬರೀ ಬೀಜ ಉಳೀತು, ಕೆಳಗೆ ಒಂದೂವರೆ ಲೋಟ ಗಟ್ಟಿ ರಸ, ದೋಸೆ ಹಿಟ್ಟಿನ ಹದ, ಕೆನೆ ಬಣ್ಣ. ಸೀಬೆಹಣ್ಣಲ್ಲಿ ಪೆಕ್ಟಿನ್ ಅನ್ನೋ ರಸ ಗಟ್ಟಿ ಮಾಡೋ ಅಂಶ ಜಾಸ್ತಿ, ಅದರಲ್ಲಿ ಜೆಲ್ಲಿ ಮಾಡೋದು ಅದಕ್ಕೇ, ಹಂಗಾಗಿ ಈ ರಸ ನೀರಾಗಿ ಹರಿಯಲ್ಲ, ಹಣ್ಣಿನ ಮೈಗೆ ಅಂಟಿಕೊಳ್ಳತ್ತೆ. ಕಸ್ಟರ್ಡ್ ಜಾಗಕ್ಕೆ ಏನು ಅಂತ ತಲೆ ಕೆಡಿಸ್ಕೊಂಡಿದ್ದೆನಲ್ಲ, ಅದು ಕಸದ ಡಬ್ಬದ ದಾರೀಲಿತ್ತು.

ಇದಕ್ಕೆ ನಿಂಬೆರಸ, ಬೆಲ್ಲದ ಪುಡಿ, ಜೀರಿಗೆ, ಕುಟ್ಟಿದ ಮೆಣಸು ಸೇರ್ಸಿ ಇಟ್ಟೆ. ಕಪ್ಪುಪ್ಪು ಹಾಕೋವಾಗ ಕೈ ಜಾರಿ ಸುಮಾರು ಅರ್ಧ ಚಮಚ ಬಿತ್ತು, ಕಾಲು ಚಮಚ ಸಾಕಿತ್ತು, ಮೂಸಿದ್ರೆ ಮೊಟ್ಟೆ ವಾಸನೆ. ಅತ್ತೆ ಮುಖ ನೋಡೋಕಾಗ್ಲಿಲ್ಲ. ಇನ್ನೆರಡು ಸೀಬೆಹಣ್ಣಿನ ತಿರುಳು ಕಿವಿಚಿ ಸೇರ್ಸಿ ಹಂಗೂ ಹಿಂಗೂ ಸರಿ ಮಾಡಿದ್ವಿ. ಅದಕ್ಕೇ ನೀವು ಮಾಡೋದಾದ್ರೆ ಚಿಟಿಕೆ ಚಿಟಿಕೆ ಹಾಕಿ ನೆಕ್ಕಿ ನೋಡಿ.

ನೆಲ್ಲಿಕಾಯಿದು ಇನ್ನೊಂದು ಕಥೆ. ಅತ್ತೆಗೆ ಚಾಕು ಆಗಲ್ಲ, ಈಳಿಗೆ ಮಣೆನೇ ಬೇಕು, ನಮ್ಮನೇಲಿರೋದು ಅವರೇ ಕೊಟ್ಟ ಹಳೇ ಕಬ್ಬಿಣದ್ದು. ಅದರ ಮೇಲೆ ನೆಲ್ಲಿಕಾಯಿ ಹೆಚ್ಚಿದ್ರೆ ಹೋಳೆಲ್ಲ ಅಂಚಲ್ಲಿ ಮಸಿ ಬಣ್ಣ, ಕಾಯಿಯ ಒಗರಿಗೆ ಕಬ್ಬಿಣ ತಾಗಿದ್ರೆ ಹಂಗೇ ಕಪ್ಪಾಗತ್ತೆ. ಅವರೇ "ಏ ಇದು ಬ್ಯಾಡ, ನಿನ್ನ ಸ್ಟೀಲಿಂದ ಕೊಡು" ಅಂತ ತುರಿಮಣೆ ಇಸ್ಕೊಂಡು ಇನ್ನೆರಡು ಸಣ್ಣಗೆ ತುರಿದ್ರು. ಎರಡೇ ಕಾಯಿ, ಆದ್ರೆ 14 ಜನದ ಸಲಾಡಿಗೆ ಬೇಕಾದ ಹುಳಿ ಒಗರು ಎಲ್ಲ ಅದರಲ್ಲೇ ಬಂತು.

ಹೆಚ್ಚೋದು ಒಂದೇ ಸಲ ಮಾಡ್ಲಿಲ್ಲ. ಮಧ್ಯಾಹ್ನ ದಾಳಿಂಬೆ ಬಿಡಿಸಿಟ್ಟೆ. ಮೇಲಿನ ಕಿರೀಟದ ಭಾಗ ತೆಗೆದು, ಒಳಗಿನ ಬಿಳೀ ಗೆರೆ ಎಲ್ಲಿದೆಯೋ ಅದರ ನೇರಕ್ಕೆ ಹೊರಗಿಂದ ಗೀಟು ಹಾಕಿ, ಒಂದು ಬೋಗುಣಿ ನೀರಲ್ಲಿ ಮುಳುಗಿಸ್ಕೊಂಡು ಬಿಡಿಸಿದ್ರೆ ಕಾಳು ತಳಕ್ಕೆ ಹೋಗತ್ತೆ ಬಿಳೀ ಸಿಪ್ಪೆ ತೇಲತ್ತೆ, ಗೋಡೆ ಮೇಲೆ ಕಲೆಯೂ ಇಲ್ಲ. ಸಂಜೆ ಆರಕ್ಕೆ ಉಳಿದ ಆರು ಕಿತ್ತಳೆ, ತೊಳೆ ಮೇಲಿನ ಪೊರೆ ಸುಲಿದು ಬೀಜ ತೆಗೆದು ಒಂದು ಡಬ್ಬಿಗೆ. ಈ ಕೆಲಸಕ್ಕೆ ಮನೇಲಿ ಯಾರು ಟೀವಿ ಮುಂದೆ ಸುಮ್ನೆ ಕೂತಿರ್ತಾರೋ ಅವರನ್ನ ಹಿಡ್ಕೊಳ್ಳಿ, ನಮ್ಮನೇಲಿ ಯಜಮಾನ್ರು ಸಿಕ್ರು, ಅರ್ಧ ತಿಂದು ಅರ್ಧ ಡಬ್ಬಿಗೆ ಹಾಕಿದ್ರು. ಏಳೂವರೆಗೆ ಸೀಬೆ, ಪಪ್ಪಾಯ ಇನ್ನೊಂದು ಡಬ್ಬಿಗೆ. ಪಪ್ಪಾಯ ತೀರಾ ಕಳಿತಿರಬಾರದು, ಹೆಬ್ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಬೇಕು, ಒಳಗೆ ಹೋಗಬಾರದು. ರಸ ಬಿಡೋ ಕಿತ್ತಳೆ ಒಂದು ಕಡೆ, ಗಟ್ಟಿ ಹಣ್ಣು ಇನ್ನೊಂದು ಕಡೆ, ಬಡಿಸೋ ತನಕ ಒಂದಕ್ಕೊಂದು ಮುಟ್ಟಿಸಲಿಲ್ಲ.

ಸಪೋಟ ಊಟ ಶುರುವಾದ ಮೇಲೆ. ಸಿಪ್ಪೆ ಕೈಯಲ್ಲೇ ಬರತ್ತೆ, ಹೋಳು ಮಾತ್ರ ದಪ್ಪ ಇರಲಿ, ಸಣ್ಣಗೆ ಹೆಚ್ಚಿದ್ರೆ ಕಲಸೋವಾಗ ಕರಗಿ ಎಲ್ಲಾ ಕಂದು ಬಣ್ಣ ಮಾಡತ್ತೆ. ಬೀಜ ಎಣಿಸಿ ತೆಗೀರಿ, ಅದರ ತುದೀಲಿ ಕೊಕ್ಕೆ ಥರ ಇರತ್ತೆ, ಮಕ್ಕಳ ಗಂಟಲಿಗೆ ಸಿಕ್ರೆ ಗ್ರಹಚಾರ. ಬಾಳೆಹಣ್ಣು ಎಲ್ಲಕ್ಕಿಂತ ಕೊನೆ, ಬಡಿಸೋಕೆ ಐದು ನಿಮಿಷ ಮುಂಚೆ, ಹೆಚ್ಚಿದ ತಕ್ಷಣ ಸೀಬೆ ರಸಕ್ಕೇ ನೇರವಾಗಿ ಹಾಕ್ದೆ, ಅದರಲ್ಲಿ ನಿಂಬೆಹುಳಿ ಇದ್ದಿದ್ರಿಂದ ಕಪ್ಪಾಗ್ಲಿಲ್ಲ.

ಫ್ರಿಜ್ಜಲ್ಲಿ ಇಡಲೇ ಇಲ್ಲ. ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ ಹೆಂಗಿರತ್ತೆ ಗೊತ್ತಲ್ಲ, ಅಡುಗೆಮನೆ ಕಟ್ಟೆನೇ ತಣ್ಣಗಿರತ್ತೆ, ಮುಚ್ಚಿಟ್ಟಿದ್ದು ಒಂದೆರಡು ಗಂಟೆ ತಾನೇ. ಫ್ರಿಜ್ಜಿಗೆ ಹೋದ ಸೀಬೆಹಣ್ಣಿಗೆ ಘಮ ಸತ್ತೋಗತ್ತೆ, ಮೇಲಿಂದ ಈ ಚಳೀಲಿ ಫ್ರಿಜ್ಜಿನ ಹಣ್ಣು ಕೊಟ್ರೆ ಶೀತ ಅಂತ ಹಿರಿಯರ ಕೈಲಿ ಬೈಸ್ಕೊಳ್ಳೋದು ಬೇರೆ. ಮಾವನಿಗೆ ಶುಗರ್, ಅವರ ಪಾಲು ಬೆಲ್ಲ ಹಾಕೋ ಮುಂಚೆನೇ ಬೇರೆ ತೆಗೆದೆ, ಸೀಬೆ ಕಿತ್ತಳೆ ನೆಲ್ಲಿಕಾಯಿ ಅಷ್ಟೇ, ಬಾಳೆ ಸಪೋಟ ಹಾಕಿಲ್ಲ. ಅವರು ನನ್ನ ಕಡೆ ನೋಡಿ ಪಕ್ಕದವರ ಬಟ್ಟಲಿಂದ ಎರಡು ಹೋಳು ಸಪೋಟ ಎತ್ಕೊಂಡಿದ್ದು ನಾನು ನೋಡಿಲ್ಲ ಅಂತ ಇಟ್ಕೊಳ್ಳಿ.

ಕಲಸಿದ್ಮೇಲೆ ಅತ್ತೆ ಒಂದು ಚಮಚ ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ರು. "ಛಲೋ ಆಗೇತಿ, ಆದ್ರ ಖಾರ ಇಲ್ಲದ ಪ್ಯಾರಲ ತಿಂದ್ರ ತಿಂದ್ಹಂಗ ಅನಸೂದಿಲ್ಲ ನೋಡು" ಅಂತ ಅಚ್ಚಖಾರದ ಪುಡಿ ಡಬ್ಬಿ ತಂದು ತಮ್ಮ ಬಟ್ಟಲಿಗೆ ಉದುರಿಸ್ಕೊಂಡ್ರು. ನಾನು ಬೇಡ ಅಂದೆ, ಆಮೇಲೆ ನಾನೇ ಒಂದು ಸ್ಪೂನ್ ತಿಂದು ನೋಡ್ದೆ, ಮೈಸೂರಲ್ಲಿ ಸ್ಕೂಲ್ ಗೇಟ್ ಹತ್ರ ಸೀಬೆಕಾಯಿ ನಾಲ್ಕು ಸೀಳು ಮಾಡಿ ಉಪ್ಪು ಖಾರ ಸವರಿ ಕೊಡ್ತಿದ್ರಲ್ಲ, ಅದೇ. ಕೊನೆಗೆ ಅರ್ಧ ಜನ ಖಾರದ ಪಾರ್ಟಿ, ಅರ್ಧ ಜನ ಸಾದಾ.

ಹೋದ ವರ್ಷದ ಹುಬ್ಬಳ್ಳಿ ಹುಡುಗ ಎರಡು ಸಲ ಹಾಕಿಸ್ಕೊಂಡ, ಬಾಯಿಬಿಟ್ಟು ಚೆನ್ನಾಗಿದೆ ಅನ್ನಲಿಲ್ಲ, ಖಾಲಿ ಬಟ್ಟಲು ಬೋರಲು ಹಾಕಿ "ಕಾಕು, ನೀರು ಬಿಟ್ಟಿಲ್ಲ ನೋಡ್ರಿ" ಅಂತ ತೋರ್ಸಿದ. ಪೂರ್ತಿ ಸುಳ್ಳು, ಪಾತ್ರೆ ತಳದಲ್ಲಿ ಸ್ವಲ್ಪ ರಸ ಇತ್ತು. ಉಳಿದಿದ್ದು ಒಂದು ದೊಡ್ಡ ಬಟ್ಟಲಿನಷ್ಟು, ಬೆಳಗ್ಗೆ ನಾನು ಏಳೋ ಹೊತ್ತಿಗೆ ಅತ್ತೆ ಬಿಸಿ ಚಪಾತಿ ಮಾಡಿ ಅದನ್ನ ಬಾಳೆಹಣ್ಣಿನ ಶೀಕರಣಿ ಥರ ಚೆನ್ನಾಗಿ ಹಿಸುಕಿ ಮಗನಿಗೆ ಬಡಿಸ್ತಿದ್ರು. ನನಗೆ ಅಂತ ಉಳಿಸಿದ್ದು ಎರಡು ಚಪಾತಿ, ಖಾಲಿ ಬಟ್ಟಲು.